ಸಂಜೆಯ ಅಂಕ

ಎಪ್ಪತ್ತರ ದಶಕದ ಕೊನೆಗೆ ನಾವು ಮಣಿಪಾಲದಲ್ಲಿದ್ದೆವು. ನನ್ನ ಯಜಮಾನರು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಹೆರಿಗೆಯ ನಂತರ ಮಂಕಾಗಿದ್ದ ಅವರ ತಂಗಿಯನ್ನು ಕಾರ್ಕಳದ ಗಂಡನ ಮನೆಯಿಂದ ನಮ್ಮಲ್ಲಿಗೆ ಕರೆತಂದಿದ್ದೆವು. ಮಗು ಕಾರ್ಕಳದಲ್ಲೇ ಅಜ್ಜಿಯ ಬಳಿ ಇತ್ತು. ಡಾಕ್ಟರು ಮಾತ್ರೆ ಕೊಟ್ಟು, ದಿನವೂ ಹೇಗಿದ್ದಾಳೆಂದು ಬರೆದಿಡಲು ಹೇಳಿದ್ದರು.

ಇವರು ಅದಕ್ಕೊಂದು ಸಮೀಕರಣ ಕಟ್ಟಿದರು. "ಮನಸ್ಸಿನಲ್ಲಿ ಗಂಟೆಗೊಮ್ಮೆ ಬದಲಾಗುವುದು ಒಂದು ಉಂಟು, ಅಡಿಯಲ್ಲಿ ವಾರಗಟ್ಟಲೆ ಹಿಡಿಯುವುದು ಇನ್ನೊಂದು. ಕಾಪುವಿನ ಕಡಲಲ್ಲಿ ಒಂದು ಅಲೆ ನೋಡಿ ಭರತವೋ ಇಳಿತವೋ ಹೇಳ್ಲಿಕ್ಕಾಗ್ತದಾ?" ಎಂದರು. ದಿನಕ್ಕೆ ಮೂರು ಸಲ ಅವಳು ಹೇಗಿದ್ದಾಳೆಂದು ನೋಡಿ ಹತ್ತರಲ್ಲಿ ಅಂಕ ಕೊಡುವ ಕೆಲಸ ನನ್ನದು. ಅದರಿಂದ ಅಡಿಯ ನಿಧಾನದ ಬದಲಾವಣೆಯ ಗೆರೆ ಎಳೆಯುವುದು ಅವರದು.

ಐದು ವಾರಗಳಲ್ಲಿ ಆ ಗೆರೆ ಏರಿತು. ಸೋಮವಾರ ಡಾಕ್ಟರಿಗೆ ತೋರಿಸಿ, ಮಾತ್ರೆ ಇಳಿಸಿ, ಅವಳನ್ನು ಮಗುವಿನ ಹತ್ತಿರ ಕಳುಹಿಸುವುದೆಂದಾಯಿತು.

ಭಾನುವಾರ ಸಂಜೆ, ನಮ್ಮ ಕ್ರೈಸ್ತ ಮನೆಗಳಲ್ಲಿ ಮಣಿ ಎಣಿಸುತ್ತಾ ಹೇಳುವ ಜಪಸರದ ಪ್ರಾರ್ಥನೆಯಲ್ಲಿ ಅವಳ ಸ್ವರ ಎಂದಿನಂತೆ ಸ್ಪಷ್ಟವಾಗಿತ್ತು. ಮನಸ್ಸಿನಲ್ಲೇ ಏಳು ಅಂಕ ಹಾಕಿದ್ದೆ. ಆಗ ಅವಳ ಬೆರಳು ಕಂಡಿತು. ಪ್ರಾರ್ಥನೆ ಮೂರನೆಯ ಹತ್ತು ಮಣಿಗಳಿಗೆ ಬಂದಿದ್ದರೂ ಬೆರಳು ಮೊದಲ ಮಣಿಯಲ್ಲೇ ಇತ್ತು.

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಆ ಪ್ರಾರ್ಥನೆ ನಮಗೆ ನಿದ್ದೆಯಲ್ಲೂ ಬರುತ್ತದೆ. ಮೊದಲೆರಡು ವಾರ ಅವಳು ಪ್ರಾರ್ಥನೆಗೆ ಕೂತಿರಲಿಲ್ಲ. ಕೂತ ಮೇಲೆಯೇ ಸಂಜೆಯ ಅಂಕ ಏರಿತ್ತು. ಅಂಕದ ಪುಸ್ತಕ ತೆರೆದು ನೋಡಿದೆ. ಬೆಳಗಿನ ಅಂಕ ಆಗಲೂ ಮೂರು, ಈಗಲೂ ಮೂರು.

"ಸಂಜೆಯದ್ದು ಬಿಟ್ಟು ಗೆರೆ ಎಳೀರಿ," ಎಂದೆ ಇವರಿಗೆ.

"ಎಂತಕ್ಕೆ ಮಾರಾಯ್ತಿ? ಅವಳ ಪೆಟ್ಟಿಗೆ ಕಟ್ಟಿ ಆಯ್ತಲ್ಲ."

"ಅದು ಅವಳಿಗೆ ಕೊಟ್ಟ ಅಂಕ ಅಲ್ಲ. ಬಾಯಿಪಾಠದ ಪ್ರಾರ್ಥನೆಗೆ ಕೊಟ್ಟದ್ದು."

ಸಿಟ್ಟಿನಲ್ಲೇ ಎಳೆದರು. ಗೆರೆ ಏರಲಿಲ್ಲ, ಕೊನೆಯ ವಾರ ತುಸು ಇಳಿದಿತ್ತು ಕೂಡ. ಪೆನ್ಸಿಲ್ ಕೆಳಗಿಟ್ಟು, "ಐದು ವಾರ ನೀನು ನೋಡಿದ್ದೆಂತ?" ಎಂದರು.

ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಮಗು ಬೇಡ ಅಂತ ಅಲ್ಲ ಅತ್ತಿಗೆ," ಎಂದಳು. "ಎತ್ತಿಕೊಂಡರೆ ಕೈಬಿಟ್ಟುಬಿಡ್ತೇನೋ ಅಂತ ಹೆದರಿಕೆ. ನೀವೆಲ್ಲ ಖುಷಿಯಲ್ಲಿದ್ರಿ. ಹೇಗೆ ಹೇಳುವುದು?"

ಇವರು ಆ ಹಾಳೆಯನ್ನು ಮಡಚಿದರು, ಮತ್ತೆ ಬಿಡಿಸಿದರು.

ಮರುದಿನ ಪೆಟ್ಟಿಗೆ ಇಲ್ಲದೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಮಾತ್ರೆ ಇಳಿಸಲಿಲ್ಲ. ಅಜ್ಜಿಯೊಂದಿಗೆ ಮಗುವನ್ನೇ ಮಣಿಪಾಲಕ್ಕೆ ಕರೆಸಿ, ಅವಳು ಎತ್ತಿಕೊಳ್ಳುವಾಗ ಪಕ್ಕದಲ್ಲಿ ಯಾರಾದರೂ ಇರಲಿ ಎಂದರು. ಇವರು ಅಲ್ಲಿಂದಲೇ ಕಾರ್ಕಳದ ಬಸ್ಸು ಹತ್ತಿದರು.

ಮನೆಗೆ ಬಂದು ಪುಸ್ತಕ ತೆರೆದೆ. ಬರೆಯಲು ಧೈರ್ಯ ಬರಲಿಲ್ಲ.

"ಎಷ್ಟು ಹಾಕಲಿ?" ಎಂದು ಅವಳನ್ನೇ ಕೇಳಿದೆ.

"ಎರಡು," ಎಂದಳು.

ಎರಡೇ ಬರೆದೆ.