ಪದಕದ ಮೇಲಿನ ಕೈ

ಹೆಬ್ಬಾಳದ ನಮ್ಮ ಮ್ಯೂಸಿಯಂನಲ್ಲಿ ಒಂದು ಕಂಚಿನ ಪದಕ ಇದೆ. ಕುಶಲಕರ್ಮಿಗಳಿಗೆ ಕೊಡುವ ಪ್ರಶಸ್ತಿಗಾಗಿ ಕಲಾವಿದೆಯೊಬ್ಬರು ಮಾಡಿದ್ದು. ಅದರ ಮೇಲಿರುವುದು ಸೂಜಿ ಹಿಡಿದ ಒಂದು ಕೈ. ಪಕ್ಕದ ವಿವರಣೆ ಬರೆದವಳು ನಾನೇ: 'ಬಹುಶಃ ಕಲಾವಿದೆಯ ತಾಯಿಯ ಕೈ.'

ಒಂದು ಭಾನುವಾರ ಹೆಂಗಸೊಬ್ಬರು ಆ ಪದಕದ ಮುಂದಿನ ಗಾಜಿಗೆ ಕೈ ಒತ್ತಿಕೊಂಡು ನಿಂತಿದ್ದರು.

"ಗಾಜು ಮುಟ್ಬಾರ್ದು ಕಣ್ರೀ," ಅಂದೆ.

"ಮುಟ್ತಿಲ್ಲ ಮೇಡಂ, ಅಳತೆ ನೋಡ್ತಿದೀನಿ. ಈ ಕೈ ನಂದು. ನಾನು ಶಬಾನಾ, ಆರ್.ಟಿ. ನಗರದಲ್ಲಿ ಟೈಲರ್. ಕಿರುಬೆರಳು ನೋಡಿ."

ಪದಕದ ಕಿರುಬೆರಳೂ ಅವರ ಕಿರುಬೆರಳೂ ಒಂದೇ ಥರ ಸೊಟ್ಟಗಿದ್ದವು. ಆದರೂ ನಂಬಿಕೆ ಬರದೆ ಕಲಾವಿದೆಗೆ ಫೋನ್ ಮಾಡಿದೆ.

ಅವರು ಜೋರಾಗಿ ನಕ್ಕರು. "ನಮ್ಮಮ್ಮಂಗೆ ಸೂಜಿ ಹಿಡಿಯೋಕೇ ಬರಲ್ಲ ಕಣ್ರೀ. ಅದು ನಮ್ಮ ಶಬಾನಾ ಕೈ. ಕೊಡಿ ಅವ್ರಿಗೆ ಫೋನು."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಅವತ್ತೇ ವಿವರಣೆ ತಿದ್ದಿ ಶಬಾನಾ ಹೆಸರು ಹಾಕಿದೆ. ಅವರು ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು.

"ಬ್ಲೌಸ್ ಹೊಲಿದು ಕೊಡ್ತಾರೆ ಅಂತಾನೂ ಹಾಕಿ ಮೇಡಂ."

"ಇಲ್ಲಿ ಜಾಹೀರಾತು ಹಾಕೋ ಹಾಗಿಲ್ಲ."

"ಹಂಗಾದ್ರೆ ನೀವಾದ್ರೂ ಹೊಲಿಸ್ಕೊಳ್ಳಿ."

ನನ್ನ ಎರಡು ಬ್ಲೌಸ್ ಈಗ ಅವರ ಅಂಗಡಿಯಲ್ಲಿವೆ. ಮೂರು ವಾರದಿಂದ ಕೇಳಿದಾಗಲೆಲ್ಲ, "ನಾಳೆ ಬನ್ನಿ ಮೇಡಂ" ಅಂತಿದ್ದಾರೆ.