ಓಬುಳೇಶನ ಕುರಿ ಸ್ಲೈಡುಗಳು

ಕಲ್ಯಾಣದುರ್ಗದ ಕುರಿಗಾರರ ತರಬೇತಿ ಕೇಂದ್ರದಲ್ಲಿ ಓಬುಳೇಶ್ ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿದ್ದ. ಡಾಕ್ಟರಲ್ಲ, ಕುರಿಗಳ ಬಾಯಿ ಬಿಡಿಸಿ ನೋಡಿ ನೋಡಿಯೇ ಕಲಿತವನು. ಸೆಟ್ಟೂರಿನ ಸುತ್ತ ಹಟ್ಟಿಯಿಂದ ಹಟ್ಟಿಗೆ ತಿರುಗಿ, ಫೋಟೋ ತೆಗೆದು, ಕುರಿಗಾರರು ರೋಗಕ್ಕೆ ಹೇಳುವ ಹೆಸರನ್ನೇ ಕೆಳಗೆ ಬರೆದು ಅರವತ್ತನಾಲ್ಕು ಸ್ಲೈಡು ಮಾಡಿದ್ದ. ಊದಿದ ತುಟಿ, ನೀಲಿಗಟ್ಟಿದ ನಾಲಿಗೆ, ಸತ್ತ ಮರಿಯ ಕರುಳು. ಅರ್ಧದಷ್ಟು ಸೆಟ್ಟೂರಿನ ಬೀರಕ್ಕನ ಕುರಿಗಳು. ಒಂದೇ ವಾರದಲ್ಲಿ ಮಂದೆಯ ಬಹುಪಾಲು ಸತ್ತಾಗಲೂ ಅವಳು, "ತಗಿಯಪ್ಪ ಫೋಟೋ, ಇನ್ನೊಬ್ಬರ ಹಟ್ಟೀಲಾದ್ರೂ ಬೇಗ ಗೊತ್ತಾಗ್ಲಿ" ಅಂದಿದ್ದಳು.

ಹೋದ ವರ್ಷ ಕೇಂದ್ರಕ್ಕೆ ಹೊಸ ಕಂಪ್ಯೂಟರ್ ಬಂತು. ಹಳೆಯದನ್ನು ಯಾರನ್ನೂ ಕೇಳದೆ ಅಳಿಸಿ ಗುಜರಿಗೆ ಹಾಕಿದರು. ಸ್ಲೈಡುಗಳಿದ್ದದ್ದು ಅದರಲ್ಲೇ. ಓಬುಳೇಶ್ ಕೇಳಲು ಹೋದರೆ ನಿರ್ದೇಶಕ ಉಮಾಶಂಕರ್ ಫೋನಿನಿಂದ ತಲೆ ಎತ್ತಲಿಲ್ಲ.

"ಪೋತೇ ಪೋನೀಲೇ, ಹೋದ್ರೆ ಹೋಗ್ಲಿ ಬಿಡು. ನೆಟ್‌ನಲ್ಲಿ ಕುರಿ ಫೋಟೋ ಬೇಕಾದಷ್ಟು ಸಿಗ್ತವೆ."

ಸಿಕ್ಕವು. ಹಸಿರು ಹುಲ್ಲಿನ ಮೇಲೆ ನಿಂತ, ಮೈತುಂಬ ಬಿಳಿ ಉಣ್ಣೆಯ, ಯಾವುದೋ ದೇಶದ ಕುರಿಗಳು. ಅವನ್ನು ತೋರಿಸಿದ ದಿನ ಕುರಿಗಾರರು ನಕ್ಕರು. ಓಬುಳೇಶನಿಗೆ ಅವತ್ತು ಊಟ ಸೇರಲಿಲ್ಲ.

ಮನೆಯಲ್ಲಿ ಹುಡುಕಿದಾಗ ಒಂದು ಹಳೇ ಸಿ.ಡಿ. ಸಿಕ್ಕಿತು. ಸ್ಲೈಡಿನ ಸಾಫ್ಟ್‌ವೇರ್ ಇಲ್ಲದ ಕಂಪ್ಯೂಟರಿನಲ್ಲೂ ತೋರಿಸಲು ಆಗಲೆಂದು ಒಮ್ಮೆ ಎಲ್ಲವನ್ನೂ ವೆಬ್ ಪುಟವಾಗಿ ಉಳಿಸಿ ಅದರಲ್ಲಿ ಹಾಕಿದ್ದ. ಕಲ್ಯಾಣದುರ್ಗದ ಅಂಗಡಿಯಲ್ಲಿ ತೆರೆದರೆ ಚಿತ್ರದ ಜಾಗದಲ್ಲಿ ಖಾಲಿ ಚೌಕ, ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇದು ಆಗೋದಿಲ್ಲ ಎಂದು ವಾಪಸು ಕೊಟ್ಟರು. ಮರುದಿನ ಓಬುಳೇಶ್ ರಜೆ ಹಾಕಿ ಹಿಂದೂಪುರದ ಬಸ್ಸು ಹತ್ತಿದ.

ಅಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಶಿರೀಷಾ ಎಂಬಾಕೆ ಹದಿನೈದು ವರ್ಷದಿಂದ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಸಿ.ಡಿ. ನೋಡಿದವಳೇ ಕೇಳಿದಳು:

"ಅಣ್ಣಾ, ಪುಟದ ಜೊತೆ ಇರೋ ಫೋಲ್ಡರ್ ಹೆಸರು ನೀವು ಬದಲಾಯಿಸಿದ್ರಾ?"

"ಹೌದು ಕಣಮ್ಮ. 'ಕುರಿ' ಅಂತ ಇಟ್ಟಿದ್ದೆ."

ಚಿತ್ರಗಳೆಲ್ಲ ಆ ಫೋಲ್ಡರಿನಲ್ಲೇ ಇದ್ದವು. ಪುಟ ಅದನ್ನು ಹಳೇ ಹೆಸರಿನಲ್ಲಿ ಹುಡುಕುತ್ತಿತ್ತು. ಅವಳು ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿಕೊಂಡು ಹಳೇ ಹೆಸರನ್ನೇ ಇಟ್ಟಳು. ಮೂಲೆಯಲ್ಲಿದ್ದ ಹಳೇ ಯಂತ್ರ ಹಚ್ಚಿ, ಆಗಿನ ಕನ್ನಡ ಫಾಂಟ್ ಹಾಕಿ, ಆಗಿನ ಸ್ಲೈಡು ಸಾಫ್ಟ್‌ವೇರಿನಲ್ಲೇ ಪುಟವನ್ನು ತೆರೆದಳು. ಒಂದೊಂದೇ ಸ್ಲೈಡು ಮೂಡಿತು. ಐವತ್ತೇಳು ಬಂದವು. ಸಿ.ಡಿ. ಗೀರಿದ್ದರಿಂದ ಏಳು ಬರಲಿಲ್ಲ. ಓಬುಳೇಶ್ ಕಣ್ಣೊರೆಸಿಕೊಂಡ, ಆದರೆ ಸಿಟ್ಟು ಇಳಿಯಲಿಲ್ಲ. ಹೋದ ಏಳರಲ್ಲಿ ನಾಲ್ಕು ಬೀರಕ್ಕನ ಕುರಿಗಳು, ಮತ್ತೆ ತೆಗೆಯಲು ಅವು ಬದುಕಿಲ್ಲ.

ಸುದ್ದಿ ತಿಳಿದು ಉಮಾಶಂಕರ್ ತಾನೇ ಅವನನ್ನು ಕರೆಸಿಕೊಂಡ. ಮೇಲಧಿಕಾರಿಗಳು ಕೇಂದ್ರ ನೋಡಲು ಬರುತ್ತಾರೆ, ಸ್ಲೈಡುಗಳನ್ನು ಕೇಂದ್ರದ ಹೆಸರು ಹಾಕಿ ಹೊಸ ಕಂಪ್ಯೂಟರಿಗೆ ಹಾಕಿಬಿಡು ಎಂದ.

"ಹಾಕ್ತೀನಿ ಸಾರ್. ಹಳೇವು ಅಳಿಸಿಬುಟ್ಟಿದ್ದು ನಾವೇ ಅಂತ ಒಂದು ಕಾಗದ ಬರ್ದು ಸೈನ್ ಮಾಡಿ ಕೊಡಿ."

ಉಮಾಶಂಕರ್ ಮುಖ ಕೆಂಪಾಯಿತು. ಕೆಲಸ ಬೇಕೋ ಬೇಡವೋ ಎಂದು ಕೇಳಿದ.

"ಪಾಠ ಹೇಳೋ ಕೆಲ್ಸ ಬೇಕು ಸಾರ್. ಅದ್ನ ಮಾಡ್ತಾನೇ ಇದೀನಿ."

ಕಾಗದ ಇವತ್ತಿಗೂ ಬಂದಿಲ್ಲ, ಸ್ಲೈಡುಗಳು ಹೊಸ ಕಂಪ್ಯೂಟರಿಗೆ ಹೋಗಿಯೂ ಇಲ್ಲ. ಓಬುಳೇಶನನ್ನು ತೆಗೆಯಲೂ ಇಲ್ಲ. ಅವನಿಲ್ಲದಿದ್ದರೆ ಕುರಿಗಾರರು ಬರುವುದಿಲ್ಲವೆಂದು ಉಮಾಶಂಕರ್‌ಗೆ ಗೊತ್ತು. ಕ್ಲಾಸಿನ ದಿನ ಓಬುಳೇಶ್ ಅವನ್ನು ಪೆನ್ ಡ್ರೈವ್‌ನಲ್ಲಿ ತರುತ್ತಾನೆ, ಪಾಠ ಮುಗಿದ ಕೂಡಲೇ ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡು, ನಿರ್ದೇಶಕನ ಕೋಣೆಯ ಮುಂದೆಯೇ ನಡೆದು ಹೋಗುತ್ತಾನೆ.