ಮೂರನೆಯ ಪಿನ್ನು

ಚಾಚಾ ಅವರ ಎಡಗೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು. ತಿಪಟೂರಿನ ಕೊಬ್ಬರಿ ಮಂಡಿಯ ಹಿಂದಿನ ಓಣಿಯಲ್ಲಿ ಅವರದು ಆಂಪ್ಲಿಫೈಯರ್ ರಿಪೇರಿ ಅಂಗಡಿ. ಬಿಚ್ಚಿಟ್ಟ ಹಳೆಯ ಪೆಟ್ಟಿಗೆಯೊಳಗೆ ಬಲಗೈಯೊಂದನ್ನೇ ಇಳಿಸಿ, ಒಣಗಿದ ತೆಂಗಿನ ಕಡ್ಡಿಯಿಂದ ಒಂದೊಂದೇ ತಂತಿಯನ್ನು ಮೆಲ್ಲಗೆ ತಳ್ಳಿ ನೋಡುತ್ತಿದ್ದರು. ಎರಡೂ ಕೈ ಒಳಗಿಟ್ಟರೆ ಕರೆಂಟು ಎದೆ ಹಾದು ಹೋಗುತ್ತದೆ ಎಂದು ಕಾರಣ ಹೇಳುತ್ತಿದ್ದರು. ಆದರೆ ಹೋಟೆಲಿನಲ್ಲಿ ಟೀ ಕುಡಿಯುವಾಗಲೂ ಆ ಕೈ ಹೊರಗೆ ಬರುತ್ತಿರಲಿಲ್ಲ. ಜೇಬಿನಲ್ಲಿ ಏನು ಗಂಟು ಇಟ್ಟಿದ್ದೀರಿ ಎಂದು ರೇಗಿಸಿದರೆ ನಕ್ಕುಬಿಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತ ಹಾಡುತ್ತಿದ್ದೆ. ಹೆಣ್ಣುಮಗಳ ಕೈಯಲ್ಲಿ ಗಿಟಾರ್ ಕಂಡು ಹೊನ್ನವಳ್ಳಿಯ ನಮ್ಮ ಬೀದಿಯೇ ಮೂಗಿನ ಮೇಲೆ ಬೆರಳಿಟ್ಟಿತ್ತು. ನನ್ನ ಹಳೆಯ ಆಂಪ್ಲಿಫೈಯರೋ, ನನಗಿಂತ ಮೊದಲೇ ಗುಂಯ್ ಎಂದು ಶುರು ಮಾಡುತ್ತಿತ್ತು. ಚಾಚಾ ಮೊದಲು ವಾಲ್ಯೂಮ್ ಪೂರ್ತಿ ಇಳಿಸುತ್ತಿದ್ದರು. ಆಗಲೂ ಸದ್ದು ಉಳಿದರೆ ರೋಗ ಪೆಟ್ಟಿಗೆಯ ಒಳಗೆ, ಹೋದರೆ ಹೊರಗೆ. ನನ್ನದು ಒಳಗಿನ ರೋಗ; ಒಣಗಿದ ಕಂಡೆನ್ಸರ್‌ಗಳನ್ನು ಬದಲಾಯಿಸಿ, ಅದನ್ನು ಸುಮ್ಮನಾಗಿಸಿ ಕೊಟ್ಟರು.

ತುರುವೇಕೆರೆಯ ಛತ್ರದ ಆರತಕ್ಷತೆಯಲ್ಲಿ ಅದು ಮತ್ತೆ ಗುಂಯ್ ಎಂದಿತು. ಪುಣ್ಯಕ್ಕೆ ಚಾಚಾ ಜೊತೆಗೇ ಬಂದಿದ್ದರು. ಮೈಕ್ ಸೆಟ್ಟಿಗೂ ನನ್ನ ಪೆಟ್ಟಿಗೆಗೂ ಬೇರೆ ಬೇರೆ ಕಡೆಯಿಂದ ಕರೆಂಟು ಕೊಟ್ಟಿದ್ದಕ್ಕೆ ಹೀಗಾಗಿದೆ, ಎರಡಕ್ಕೂ ಒಂದೇ ಬೋರ್ಡಿನಿಂದ ಎಳೆಯಬೇಕು ಎಂದರು. ಅದಕ್ಕೆ ಉದ್ದದ ವೈರು ಹುಡುಕಬೇಕಿತ್ತು. ಗಂಡು ಹೆಣ್ಣು ಬಂದು ನಿಂತಾಗಿತ್ತು. ನಮ್ಮ ಕೀಬೋರ್ಡಿನವನು ಇಕ್ಕಳ ತಂದ. ಪ್ಲಗ್ಗಿನ ಮೂರನೆಯ ಪಿನ್ನು, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗಿನ ಪಿನ್ನು, ಮುರಿದುಹಾಕಿದರೆ ಸದ್ದು ತಕ್ಷಣ ನಿಲ್ಲುತ್ತದೆ. ಆರ್ಕೆಸ್ಟ್ರಾಗಳಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ಅದು.

ಚಾಚಾ ಪ್ಲಗ್ಗನ್ನು ಎರಡೂ ಕೈಯಲ್ಲಿ ಕಿತ್ತುಕೊಂಡರು. ಆಗ ಕಂಡಿತು, ಎಡ ಅಂಗೈಗೆ ಅಡ್ಡಲಾಗಿ ಸುಟ್ಟ ಗೆರೆಗಳ ಸಾಲು. ಗಿಟಾರಿನ ತಂತಿಗಳಷ್ಟೇ ಅಂತರ.

"ನನ್ ತಮ್ಮ ಕೇಳ್ದ ಅಂತ ನಾನೇ ಮುರ್ದು ಕೊಟ್ಟಿದ್ದೆ ಕಣಮ್ಮ," ಎಂದರು. "ಸದ್ದು ನಿಂತೋಯ್ತು. ಗಿಟಾರ್ ಹಿಡ್ಕೊಂಡು ಮೈಕಿಗೆ ತುಟಿ ತಾಗಿಸ್ದ. ನಾನು ಗಿಟಾರ್ ಕಿತ್ತು ಎಳೆಯೋ ಹೊತ್ಗೆ ಹೋಗ್ಬುಟ್ಟಿದ್ದ."

ಕೀಬೋರ್ಡಿನವನೇ ಹೋಗಿ ವೈರು ಹುಡುಕಿ ತಂದ. ಚಾಚಾ ತಂತಿಗೊಮ್ಮೆ, ಮೈಕಿಗೊಮ್ಮೆ ಟೆಸ್ಟರ್ ಮುಟ್ಟಿಸಿ ನೋಡಿ, ಹಾಡು ಎಂದು ಸನ್ನೆ ಮಾಡಿದರು. ಸಣ್ಣಗೆ ಗುಂಯ್ ಉಳಿದೇ ಇತ್ತು. ಹಾಡು ಮುಗಿಯುವವರೆಗೂ ಅವರು ವೇದಿಕೆಯ ಪಕ್ಕದಲ್ಲಿ ನಿಂತು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಅವರಿಗೆ ಅಲ್ಲಿ ಕಾಣುತ್ತಿದ್ದದ್ದು ನಾನಲ್ಲ ಎಂದು ಗೊತ್ತಾಗಿ ನನಗೆ ಅಳು ಬಂತು.

ಕೆಲವು ವರ್ಷಗಳ ಮೇಲೆ ಸಕ್ಕರೆ ಕಾಯಿಲೆ ಅವರನ್ನು ಆಸ್ಪತ್ರೆಗೆ ಕೆಡವಿತು. ನೋಡಲು ಹೋದಾಗ ಎಡಗೈ ಹೊದಿಕೆಯ ಮೇಲೆ ಅಂಗಾತ ಬಿದ್ದಿತ್ತು. ನಾನು ಹಿಡಿದುಕೊಂಡೆ. ಅವರು ಕಣ್ಣು ತೆರೆಯದೆ ಕೇಳಿದರು, "ಪಿನ್ನು ಐತಾ?"

ಇದೆ ಚಾಚಾ ಎಂದೆ. ಅವರ ಜೊತೆ ನಾನಾಡಿದ ಕೊನೆಯ ಮಾತು ಅದು.

ಈಗಿನ ಹೊಸ ಪೆಟ್ಟಿಗೆಗಳು ಗುಂಯ್ ಎನ್ನುವುದಿಲ್ಲ. ಆ ಮೌನವನ್ನು ನಂಬಲಾರೆ. ಎಲ್ಲರೂ ಕಾಯುತ್ತಿರುವಾಗ ನಾನು ಬಗ್ಗಿ ಪ್ಲಗ್ಗು ನೋಡುತ್ತೇನೆ. ಇದೆ ಚಾಚಾ ಎಂದು ಹೇಳಿಕೊಂಡ ಮೇಲೆಯೇ ಮೈಕಿನ ಹತ್ತಿರ ಹೋಗುತ್ತೇನೆ.